ಹತ್ತು ನಿಮಿಷ ಓಡಿ ನಿಂತುಬಿಡುವ ಡ್ರೈಯರ್: ಐದರಲ್ಲಿ ಮೂರು ಸ್ಟಾರ್

ಬಟ್ಟೆ ಒಣಗಿಸುವ ವಿಷಯದಲ್ಲಿ ಈ ಮಷೀನಿನ ಮೇಲೆ ನನ್ನದೇನೂ ದೂರಿಲ್ಲ. ದಪ್ಪ ಟವೆಲ್ಲೂ ಚೆನ್ನಾಗಿ ಒಣಗುತ್ತದೆ. ಒಂದು ಸ್ಟಾರ್ ಕಳೆದಿದ್ದು ಲಿಂಟ್, ಅಂದ್ರೆ ಬಟ್ಟೆಯಿಂದ ಉದುರುವ ನೂಲಿನ ಧೂಳು, ಹಿಡಿಯುವ ಫಿಲ್ಟರಿಗೆ, ಇನ್ನೊಂದು ಕಂಪನಿಯ ಸರ್ವೀಸಿಗೆ. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕಂದ್ರೆ ಓಡುತ್ತಾ ಓಡುತ್ತಾ ನಿಲ್ಲುವ ಈ ಕಾಯಿಲೆ ಇದೊಂದು ಮಾಡೆಲಿಗೆ ಮಾತ್ರ ಬರುವಂಥದ್ದಲ್ಲ.

ಇದು ಕರೆಂಟಿನದು, ಬಿಸಿಗಾಳಿಯನ್ನು ಪೈಪಿನಲ್ಲಿ ಹೊರಗೆ ಬಿಡುವ ಜಾತಿ. ನಾಲ್ಕು ವರ್ಷ ಒಂದು ತಕರಾರೂ ಇಲ್ಲದೆ ಓಡಿತು. ಆಮೇಲೆ ಒಂದು ದಿನ ಅರ್ಧಕ್ಕೇ ನಿಂತಿತು, ಬಟನ್ ಒತ್ತಿದರೆ ಬರೀ ಗುಂಯ್ ಅನ್ನುವ ಸದ್ದು, ಡ್ರಮ್ ಅಲುಗಾಡಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಒತ್ತಿದೆ, ಏನೂ ಆಗೇ ಇಲ್ಲ ಅನ್ನುವ ಹಾಗೆ ತಿರುಗತೊಡಗಿತು. ಹತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ.

ಸರ್ವೀಸಿನವರು ಬಂದಾಗ ಮಷೀನ್ ತಣ್ಣಗಿತ್ತು. ಐದು ನಿಮಿಷ ಓಡಿಸಿ "ಚೆನ್ನಾಗೇ ಓಡ್ತಾ ಇದೆಯಲ್ಲ" ಅಂದು ಹೋದರು. ಎರಡನೇ ಸಲ ಬಂದವರು ಹಿಂದಿನ ತಗಡನ್ನೂ ಬಿಚ್ಚಲಿಲ್ಲ, ಮೋಟಾರ್ ಹೋಗಿದೆ ಅಂತ ಬರೆದುಕೊಟ್ಟರು. ನೋಡದೆ ಹೇಗೆ ಗೊತ್ತಾಯಿತು ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಇಬ್ಬರೂ ಕೇಳದ ಪ್ರಶ್ನೆ ಒಂದೇ: ನಿಂತ ಮೇಲೆ ಎಷ್ಟು ಹೊತ್ತಿಗೆ ಮತ್ತೆ ಶುರುವಾಗುತ್ತದೆ? ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ನಿಂತ ಕೂಡಲೇ ಬಟನ್ ಒತ್ತಿದರೆ ಓಡುತ್ತದೆ ಅಂದ್ರೆ ಮೋಟಾರಿನ ಮೇಲೆ ಅನುಮಾನ ಪಡುವುದು ಆಮೇಲೆ. ಮೊದಲು ಬಾಗಿಲು. ಬಾಗಿಲಿನ ಸ್ವಿಚ್ ಅಥವಾ ಕೊಂಡಿ ಸಡಿಲವಾಗಿದ್ದರೆ ಡ್ರಮ್ಮಿನ ನಡುಕಕ್ಕೇ ಬಾಗಿಲು ತೆರೆದಿದೆ ಅಂತ ಮಷೀನ್ ತಿಳಿದುಕೊಳ್ಳುತ್ತದೆ. ಓಡುವಾಗ ಬಾಗಿಲನ್ನು ಕೈಯಲ್ಲಿ ಒತ್ತಿ ಹಿಡಿದು ನೋಡಿ, ಆಗ ನಿಲ್ಲದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಆಟೋ ಮೋಡಿನಲ್ಲಿ ಮಾತ್ರ ಬೇಗ ನಿಂತು, ಟೈಮರ್ ಇಟ್ಟರೆ ಪೂರ್ತಿ ಓಡಿದರೆ ಅದು ತೇವ ಅಳೆಯುವ ಸೆನ್ಸರಿನ ಕೆಲಸ. ಡ್ರಮ್ಮಿನ ಒಳಗೆ, ಹೆಚ್ಚಾಗಿ ಫಿಲ್ಟರಿನ ಹತ್ತಿರ, ಎರಡು ಲೋಹದ ಪಟ್ಟಿ ಕಾಣುತ್ತವಲ್ಲ, ಅದೇ. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಶೀಟಿನ ಜಿಡ್ಡು ಅದರ ಮೇಲೆ ಕೂತರೆ ಒದ್ದೆ ಬಟ್ಟೆಯೂ ಅದಕ್ಕೆ ಒಣಗಿದ ಹಾಗೆಯೇ. ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಮತ್ತೆ ಶುರುವಾಗುವುದೇ ಇಲ್ಲ, ಎಷ್ಟು ಹೊತ್ತು ಬಿಟ್ಟರೂ ಸತ್ತ ಹಾಗೆ ಬಿದ್ದಿರುತ್ತದೆ ಅಂದ್ರೆ, ಕರೆಂಟ್ ಬರುತ್ತಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ, ಥರ್ಮಲ್ ಫ್ಯೂಸ್ ನೋಡಿಸಿ. ಅತಿ ಬಿಸಿಯಾದರೆ ಕಡಿದುಹೋಗಲಿ ಅಂತಲೇ ಇಟ್ಟಿರುವ ಭಾಗ ಅದು, ಒಂದು ಸಲ ಹೋದರೆ ಹೋಯಿತು, ತಾನಾಗಿ ಸರಿಹೋಗುವುದಿಲ್ಲ. ಅದನ್ನು ತೆಗೆದು ವಯರ್ ಸೇರಿಸಿ ಓಡಿಸುವ ಬುದ್ಧಿವಂತರೂ ಇದ್ದಾರೆ. ಒಳಗೆ ಲಿಂಟ್ ಇದೆ, ಅದು ಬೇಗ ಹೊತ್ತಿಕೊಳ್ಳುತ್ತದೆ, ದಯವಿಟ್ಟು ಬೇಡ. ಫ್ಯೂಸ್ ಹೋಗಿದೆ ಅಂದ್ರೆ ಗಾಳಿ ಎಲ್ಲೋ ಕಟ್ಟಿಕೊಂಡಿರುವ ಸಾಧ್ಯತೆ ಜಾಸ್ತಿ, ಪೈಪ್ ಬಿಡಿಸದೆ ಹೊಸ ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ.

ನಮ್ಮದು ಮೂರನೇ ಥರ. ತಣ್ಣಗಾದ ಮೇಲೆ ಮಾತ್ರ ಓಡುವುದು. ಮೋಟಾರಿನ ಒಳಗೇ ಒಂದು ಓವರ್‌ಲೋಡ್ ಪ್ರೊಟೆಕ್ಟರ್ ಇರುತ್ತದೆ, ಮೋಟಾರ್ ಸುಡುವಷ್ಟು ಬಿಸಿಯಾದರೆ ಕರೆಂಟ್ ಕಡಿದು, ಆರಿದ ಮೇಲೆ ತಾನೇ ಬಿಡುತ್ತದೆ. ಮೋಟಾರ್ ಹಳೆಯದಾಗಿ ಹೀಗಾಗುವುದೂ ಉಂಟು, ಸುಳ್ಳಲ್ಲ. ಆದರೆ ಮೋಟಾರಿಗೆ ಉಸಿರಾಡಲು ಜಾಗ ಇದೆಯಾ, ಅದರ ಮೇಲೆ ಭಾರ ಜಾಸ್ತಿ ಬೀಳುತ್ತಿದೆಯಾ ಅಂತ ನೋಡದೆ ಮೋಟಾರ್ ಬದಲಾಯಿಸಿ ಅನ್ನುವುದು, ಜ್ವರ ಅಂತ ಬಂದವನಿಗೆ ನಾಡಿ ಮುಟ್ಟದೆ ಆಪರೇಷನ್ ಹೇಳಿದ ಹಾಗೆ ಅಲ್ವಾ?

ಪ್ಲಗ್ ಕಿತ್ತು ನಾನೇ ತಗಡು ಬಿಚ್ಚಿದೆ. ಮೋಟಾರ್ ಕಾಣಲೇ ಇಲ್ಲ, ಬೂದು ಕಂಬಳಿ ಹೊದ್ದು ಮಲಗಿತ್ತು. ಗಾಳಿಯಾಡುವ ತೂತುಗಳೆಲ್ಲ ಲಿಂಟಿನಿಂದ ಮುಚ್ಚಿದ್ದವು. ಬೆಲ್ಟ್ ಬಿಗಿ ಹಿಡಿಯುವ ಪುಲ್ಲಿಯನ್ನು ಬೆರಳಲ್ಲಿ ತಿರುಗಿಸಿದರೆ ಕೀಚ್ ಅಂದು ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಬೆಲ್ಟ್ ತೆಗೆದ ಮೇಲೆ ಡ್ರಮ್ ಹಗುರಾಗಿ ತಿರುಗಿತು, ಅಂದ್ರೆ ಅದನ್ನು ಹೊತ್ತಿರುವ ರೋಲರ್‌ಗಳು ಪರವಾಗಿಲ್ಲ. ಮೆತ್ತನೆ ಬ್ರಷ್ಷು, ವ್ಯಾಕ್ಯೂಮು, ಒಂದು ಹೊಸ ಪುಲ್ಲಿ, ಹೇಗೂ ಬಿಚ್ಚಿದ್ದೇನಲ್ಲ ಅಂತ ಹೊಸ ಬೆಲ್ಟು. ಹಿಂದಿನ ಪೈಪ್ ಗೋಡೆಗೆ ಒತ್ತಿ ಚಪ್ಪಟೆಯಾಗಿತ್ತು, ಅದನ್ನೂ ಸರಿಮಾಡಿದೆ. ಹೊರಗಿನ ತುದಿಯ ಮುಚ್ಚಳ ಲಿಂಟು ಮೆತ್ತಿಕೊಂಡು ತೆರೆಯುತ್ತಲೇ ಇರಲಿಲ್ಲ. ಏಳು ತಿಂಗಳಾಯಿತು, ಅದೇ ಮೋಟಾರ್, ಒಂದು ಸಲವೂ ನಿಂತಿಲ್ಲ.

ಗ್ಯಾಸಿನ ಡ್ರೈಯರ್ ಆದರೆ ನನ್ನ ಹಾಗೆ ಬಿಚ್ಚಬೇಡಿ, ಗೊತ್ತಿರುವವರನ್ನು ಕರೆಸಿ. ಹೊರಗೆ ಪೈಪೇ ಇಲ್ಲದ, ನೀರು ಟ್ಯಾಂಕಿಗೆ ಇಳಿಯುವ ಥರದ್ದಾದರೆ ಮೊದಲು ಆ ಟ್ಯಾಂಕ್ ತುಂಬಿದೆಯಾ ನೋಡಿ, ತುಂಬಿದರೆ ಅದು ನಿಲ್ಲುವುದೇ ಸರಿ.

ಈಗ ಫಿಲ್ಟರ್. ಪ್ರತಿ ಸಲ ಸ್ವಚ್ಛ ಮಾಡುತ್ತಿದ್ದರೂ ಒಳಗೆ ಅಷ್ಟು ಲಿಂಟ್ ಹೇಗೆ ಹೋಯಿತು ಅಂತ ತಲೆ ಕೆಡಿಸಿಕೊಂಡಿದ್ದೆ. ಫಿಲ್ಟರ್ ಕೂರುವ ಜಾಗದ ಅಂಚಿಗೆ ಅಂಟಿಸಿರುವ ಫೆಲ್ಟ್ ಪಟ್ಟಿ ಸವೆದು, ಪಕ್ಕದ ಸಂದಿಯಿಂದ ನುಸುಳುತ್ತಿತ್ತು. ಆ ಬೆರಳಗಲದ ಪಟ್ಟಿ ಬಿಡಿಯಾಗಿ ಸಿಗುವುದಿಲ್ಲವಂತೆ, ಪೂರ್ತಿ ಪ್ಲಾಸ್ಟಿಕ್ ಗೂಡನ್ನೇ ಕೊಳ್ಳಬೇಕಂತೆ. ಆರ್ಡರ್ ಮಾಡಿ ಮೂರು ವಾರವಾಯಿತು. ಬಂದು, ಸರಿಯಾಗಿ ಕೂತರೆ ಆ ಒಂದು ಸ್ಟಾರ್ ವಾಪಸ್ ಕೊಡುತ್ತೇನೆ. ಸರ್ವೀಸಿನದು ಕೊಡುವುದಿಲ್ಲ.