ನೀಲಿಭೃಂಗಾದಿ ಕೇರತೈಲ: ವರ್ಷಗಟ್ಟಲೆ ತಲೆಗೆ ಹಚ್ಚಿಕೊಂಡ ಮೇಲೆ

ಕೂದಲಿಗೆ ಒಳ್ಳೆಯ ಆಯುರ್ವೇದ ಎಣ್ಣೆ ಯಾವುದು ಅಂತ ಕೇಳುವವರಿಗೆ ನಾನು ಹೇಳುವ ಹೆಸರು ಇದು. ಕೇರಳದಲ್ಲಿ ಮನೆಮಾತಾಗಿರುವ ಎಣ್ಣೆ, ಬೆಂಗಳೂರಿನ ಆಯುರ್ವೇದ ಅಂಗಡಿಗಳಲ್ಲೂ ಸುಲಭವಾಗಿ ಸಿಗುತ್ತದೆ. ಕೆಲವು ವರ್ಷಗಳಿಂದ ವಾರಕ್ಕೆರಡು ಸಲ ಹಚ್ಚಿಕೊಳ್ಳುತ್ತಿದ್ದೇನೆ. ಇರುವ ಕೂದಲನ್ನು ಇದು ಚೆನ್ನಾಗಿ ಕಾಪಾಡುತ್ತದೆ. ಹೋದ ಕೂದಲನ್ನು ಮತ್ತೆ ತರುತ್ತದೆ ಅಂತ ಯಾರಾದರೂ ಮಾರಿದರೆ ನಂಬಬೇಡಿ.

ಒಳಗೇನಿದೆ ಅಂತ ನೋಡೋಣ. ನೀಲಿ ಗಿಡ, ಗರುಗದ ಸೊಪ್ಪು, ನೆಲ್ಲಿಕಾಯಿ, ಇವುಗಳ ರಸ ಮುಖ್ಯ. ಶಾಸ್ತ್ರದ ಪ್ರಕಾರ ಇದಕ್ಕೆ ತೆಂಗಿನ ಹಾಲು ಮಾತ್ರ ಅಲ್ಲ, ಹಸು, ಎಮ್ಮೆ, ಆಡಿನ ಹಾಲೂ ಸೇರಬೇಕು. ಇಷ್ಟನ್ನೂ ತೆಂಗಿನೆಣ್ಣೆಗೆ ಹಾಕಿ, ನೀರಿನಂಶ ಪೂರ್ತಿ ಆರುವ ತನಕ ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಪಾಕ ಬಂತೋ ಇಲ್ಲವೋ ಅಂತ ನೋಡುವುದಕ್ಕೆ ಒಂದು ಹಳೆಯ ಪರೀಕ್ಷೆ ಇದೆ. ಎಣ್ಣೆಯ ತಳದಲ್ಲಿರುವ ಕಲ್ಕವನ್ನು, ಅಂದರೆ ಅರೆದು ಹಾಕಿದ ಮೂಲಿಕೆಯ ಮುದ್ದೆಯನ್ನು, ಬೆರಳಲ್ಲಿ ಹೊಸೆದರೆ ಬತ್ತಿಯ ಹಾಗೆ ಆಗಬೇಕು. ಅದನ್ನು ಬೆಂಕಿಗೆ ಹಿಡಿದರೆ ಚಟಪಟ ಸದ್ದು ಬರಬಾರದು. ಮನೆಯಲ್ಲಿ ಸೊಪ್ಪು ಹಾಕಿ ಕಾಯಿಸಿದ ಎಣ್ಣೆ ಬೇಗ ಕಮಟು ಹಿಡಿಯುತ್ತದಲ್ವಾ, ಬಹಳ ಸಲ ಅದಕ್ಕೆ ಕಾರಣ ಒಳಗೆ ಉಳಿದ ನೀರು.

ಬಾಟಲಿಯ ಮೇಲೆ ‘ಕೇರ’ ಅಂತಿದ್ದರೆ ತೆಂಗಿನೆಣ್ಣೆಯದ್ದು, ಬರೀ ‘ತೈಲ’ ಅಂತಿದ್ದರೆ ಎಳ್ಳೆಣ್ಣೆಯದ್ದು. ಕೊಳ್ಳುವಾಗ ಇದನ್ನು ತಪ್ಪದೆ ನೋಡಿ.

ಎಷ್ಟೇ ಒಳ್ಳೆಯ ಎಣ್ಣೆಯಾದರೂ ಹಚ್ಚುವ ರೀತಿ ಸರಿಯಿಲ್ಲದಿದ್ದರೆ ಪ್ರಯೋಜನ ಕಡಿಮೆ. ನಾನು ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಡುತ್ತೇನೆ. ಒಲೆಯ ಮೇಲೆ ನೇರವಾಗಿ ಕಾಯಿಸುವುದಿಲ್ಲ. ಉಗುರುಬೆಚ್ಚಗಾದ ಎಣ್ಣೆಯನ್ನು ಮೊದಲು ನೆತ್ತಿಗೆ ಹಾಕಿ, ಬೈತಲೆ ತೆಗೆಯುತ್ತಾ ತೆಗೆಯುತ್ತಾ ಹಿಂದಲೆಯ ತನಕ ಹೋಗಬೇಕು. ಉಗುರು ತಾಗಬಾರದು, ಕೂದಲನ್ನು ಪರಪರ ಉಜ್ಜಬಾರದು. ಬೆರಳ ತುದಿಯ ಮೆತ್ತನೆ ಭಾಗ ಒತ್ತಿ ಹಿಡಿದು ವೃತ್ತಾಕಾರವಾಗಿ ಆಡಿಸಿದರೆ ತಲೆಬುರುಡೆಯ ಮೇಲೆ ಚರ್ಮ ಸರಿದಾಡುವುದು ಗೊತ್ತಾಗುತ್ತದೆ. ಕಿವಿಯ ಹಿಂಭಾಗ, ಕುತ್ತಿಗೆಯ ಬುಡ, ಹುಬ್ಬಿನ ಮೇಲಿನ ಹಣೆ, ಇವನ್ನು ಬಿಡಬೇಡಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂತ ಬಿಗಿತವೆಲ್ಲ ಅಲ್ಲೇ ಇರುತ್ತದೆ. ಆಯುರ್ವೇದದ ಹಳೆಯ ಗ್ರಂಥವಾದ ಅಷ್ಟಾಂಗಹೃದಯದಲ್ಲೂ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಿಕೊಳ್ಳಿ ಅಂತಲೇ ಹೇಳಿದೆ. ಹತ್ತು ನಿಮಿಷ ಸಾಕು, ಆದರೆ ಅವಸರ ಬೇಡ.

ಹಣ ಕೊಟ್ಟು ಹೊರಗೆ ಮಾಡಿಸಿಕೊಂಡದ್ದೂ ಇದೆ. ಒಂದು ಕಡೆ ಬಟ್ಟೆ ಒಗೆದ ಹಾಗೆ ತಲೆ ಉಜ್ಜಿ, ಎಣ್ಣೆ ಹಚ್ಚಿದ ಕೂದಲನ್ನೇ ಬಿಗಿಯಾಗಿ ಎಳೆದು ಕಟ್ಟಿ ಕಳಿಸಿದರು. ಇನ್ನೊಂದು ಕಡೆ ಮೊದಲು ಶೀತ ಇದೆಯಾ, ಊಟ ಎಷ್ಟು ಹೊತ್ತಿಗೆ ಆಯ್ತು ಅಂತ ಕೇಳಿ ಆಮೇಲೆ ಕೈ ಹಾಕಿದರು. ಕಫ ಕಟ್ಟಿದಾಗ, ಅಜೀರ್ಣ ಆದಾಗ ಅಭ್ಯಂಗ ಬೇಡ ಅನ್ನುವುದು ಶಾಸ್ತ್ರದ ಮಾತು. ಅದನ್ನು ಕೇಳದೆ ಎಣ್ಣೆ ಸುರಿಯುವ ಜಾಗಕ್ಕೆ ನಾನಂತೂ ಮತ್ತೆ ಹೋಗುವುದಿಲ್ಲ.

ತೊಳೆಯುವುದಕ್ಕೆ ನನ್ನ ಆಯ್ಕೆ ಗಂಜಿಯಲ್ಲಿ ಕಲಸಿದ ಸೀಗೆಪುಡಿ. ನಮ್ಮದು ಬೋರ್‌ವೆಲ್ ನೀರು. ಗಡಸು ನೀರಿಗೆ ಸೋಪು ಹಾಕಿದರೆ ಕೂದಲು ಅಂಟಂಟಾಗುತ್ತದೆ, ಸೀಗೆಗೆ ಆ ತೊಂದರೆ ಇಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಸ್ನಾನ ಮಾಡುತ್ತೇನೆ. ರಾತ್ರಿಯಿಡೀ ಎಣ್ಣೆ ಬಿಟ್ಟರೆ ಜಾಸ್ತಿ ಲಾಭ ಸಿಕ್ಕಿದ್ದು ನನಗೆ ಕಂಡಿಲ್ಲ.

ಫಲಿತಾಂಶಕ್ಕೆ ಬರೋಣ. ಬಾಚುವಾಗ ಕೂದಲು ತುಂಡಾಗುವುದು ತುಂಬಾ ಕಡಿಮೆಯಾಗಿದೆ. ತುದಿ ಸೀಳುವುದು ನಿಂತಂತೆಯೇ. ಇದಕ್ಕೆ ತೆಂಗಿನೆಣ್ಣೆಯದ್ದೇ ದೊಡ್ಡ ಪಾಲು ಇರಬೇಕು. ತೆಂಗಿನೆಣ್ಣೆ ಕೂದಲಿನ ಒಳಕ್ಕೆ ಇಳಿದು ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ, ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್ ಹಾಗೆ ಮಾಡುವುದಿಲ್ಲ ಅಂತ 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನ ತೋರಿಸಿದೆ. ನೆತ್ತಿಯ ಒಣ ತುರಿಕೆ ಹೋಗಿದೆ. ಎಣ್ಣೆ ನೀರು ಹಾಕಿಕೊಂಡ ದಿನ ನಿದ್ದೆ ಸೊಗಸಾಗಿ ಬರುತ್ತದೆ. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಹಾಗಾಗಿ ಕನಿಷ್ಠ ನಾಲ್ಕೈದು ತಿಂಗಳಾದರೂ ಬಳಸಿ ನೋಡಿ.

ಆದರೆ ನನ್ನ ಬೈತಲೆಯ ಅಗಲ ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ಡೆಂಗಿ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರಿತು, ಆಮೇಲೆ ತಾನಾಗಿಯೇ ನಿಂತಿತು. ಜ್ವರದ ನಂತರ ಹೀಗಾಗುವುದು, ತಾನೇ ಸರಿಹೋಗುವುದು ಸಾಮಾನ್ಯ. ಅದು ನಿಂತದ್ದು ಎಣ್ಣೆಯಿಂದ ಅಂದರೆ ಸುಳ್ಳಾಗುತ್ತದೆ. ಉದುರುವುದು ನಿಲ್ಲದೆ ಇದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಕಬ್ಬಿಣದಂಶ, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ತೊಂದರೆಗಳೂ ಇವೆ. ಬಣ್ಣ ಕಪ್ಪು ಹಸಿರು, ದಿಂಬಿನ ಕವರಿಗೆ ಹತ್ತಿದರೆ ಹೋಗುವುದಿಲ್ಲ. ಸೊಪ್ಪಿನ ವಾಸನೆ ಎಲ್ಲರಿಗೂ ಹಿಡಿಸಲಾರದು. ಬೆಂಗಳೂರಿನ ಡಿಸೆಂಬರ್ ಚಳಿಗೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ. ಬೆಲೆ ಸಾದಾ ತೆಂಗಿನೆಣ್ಣೆಗಿಂತ ಹಲವು ಪಟ್ಟು ಜಾಸ್ತಿ. ಜಿಡ್ಡು ಜಿಡ್ಡಾದ ಹೊಟ್ಟು ಇರುವವರು ಸುಮ್ನೆ ಎಣ್ಣೆ ಹಚ್ಚುತ್ತಾ ಹೋಗಬೇಡಿ. ಆ ಹೊಟ್ಟಿಗೆ ಕಾರಣವಾದ ಶಿಲೀಂಧ್ರಕ್ಕೆ ಎಣ್ಣೆಯೇ ಆಹಾರ. ಮೊದಲು ಅದಕ್ಕೆ ಔಷಧಿ ಮಾಡಿಸಿ.

ಬೆಳಗ್ಗೆ ಎದ್ದ ಕೂಡಲೇ ಸೀನುವ ನನ್ನ ತಂಗಿಗೆ ಈ ಕೇರತೈಲ ಒಗ್ಗಲಿಲ್ಲ, ತಲೆ ಭಾರ ಅನ್ನುತ್ತಿದ್ದಳು. ವೈದ್ಯರು ಎಳ್ಳೆಣ್ಣೆಯದ್ದಕ್ಕೆ ಬದಲಾಯಿಸಿದರು, ಈಗ ಅವಳೂ ಆರಾಮಾಗಿದ್ದಾಳೆ. ನಿಮಗೂ ಶೀತದ ದೇಹವಾದರೆ ಮೊದಲು ಎಳ್ಳೆಣ್ಣೆಯದ್ದರ ಚಿಕ್ಕ ಬಾಟಲಿ ತಂದು ನೋಡಿ.