ಗೌರಿ ಹೂವಿಗೆ ಗೆಡ್ಡೆಯೋ, ಬೀಜವೋ?

ಗೌರಿ ಹೂವಿನ ಬಳ್ಳಿಯನ್ನು ಮನೆಯಲ್ಲಿ ಬೆಳೆಸಬೇಕೆನ್ನುವವರಿಗೆ ನಾನು ಹೇಳುವುದು ಗೆಡ್ಡೆಯನ್ನೇ, ಅದೂ ಅಂಗಡಿಗೆ ಹೋಗಿ, ಮೊಳಕೆ ಒಡೆಯುವ ಕಣ್ಣನ್ನು ನೋಡಿ ಆರಿಸಿಕೊಂಡ ಗೆಡ್ಡೆಯನ್ನು. ಮಲೆನಾಡಿನಲ್ಲಿ ಭಾದ್ರಪದದ ಗೌರಿ ಪೂಜೆಗೆ ಬೇಲಿಯಿಂದ ಕೊಯ್ದು ತರುವ, ಅಗ್ನಿಶಿಖೆ ಎಂದೂ ಕರೆಯುವ ಈ ಹೂವನ್ನು ಬೆಂಗಳೂರಿನ ನಮ್ಮ ತಾರಸಿಯಲ್ಲಿ ಬೀಜದಿಂದ, ಪಾರ್ಸೆಲ್‌ನಲ್ಲಿ ತರಿಸಿದ ಗೆಡ್ಡೆಯಿಂದ ಮತ್ತು ನರ್ಸರಿಯಲ್ಲಿ ಆರಿಸಿ ತಂದ ಗೆಡ್ಡೆಯಿಂದ ಬೆಳೆಸಲು ಪ್ರಯತ್ನಿಸಿದ್ದೇನೆ.

ಪಾರ್ಸೆಲ್‌ನಲ್ಲಿ ಬಂದ ಗೆಡ್ಡೆಗಳು ನೋಡಲು ದಪ್ಪವಾಗಿ, ಗಟ್ಟಿಯಾಗಿ, ಎಲ್ಲಿಯೂ ಕೊಳೆಯದೆ ಚೆನ್ನಾಗಿಯೇ ಇದ್ದವು. ಮಳೆ ಹಿಡಿದು ಅಕ್ಕಪಕ್ಕದ ಕುಂಡಗಳೆಲ್ಲ ಹಸಿರಾದರೂ ಅವುಗಳಿಂದ ಒಂದು ಮೊಳಕೆಯೂ ಬರಲಿಲ್ಲ; ಮಾರಿದವರನ್ನು ಕೇಳಿದಾಗಲೆಲ್ಲ ಇನ್ನೂ ಕಾಯಿರಿ ಎಂಬ ಉತ್ತರವೇ ಸಿಕ್ಕಿತು. ಕೊನೆಗೆ ಮಣ್ಣು ಸರಿಸಿ ನೋಡಿದರೆ ಗೆಡ್ಡೆ ಹಾಗೆಯೇ ಇತ್ತು, ಬೇರೂ ಇರಲಿಲ್ಲ. ಎರಡೂ ತೋಳುಗಳ ತುದಿ ಮುರಿದು, ಒಣಗಿದ ಕಂದು ಗಾಯವಾಗಿತ್ತು.

ಈ ಗೆಡ್ಡೆಯ ಸ್ವಭಾವವೇ ಬೇರೆ. ಆಲೂಗಡ್ಡೆಯ ಹಾಗೆ ಇದಕ್ಕೆ ಮೈಯೆಲ್ಲ ಕಣ್ಣಿರುವುದಿಲ್ಲ. ನೇಗಿಲಿನಂತೆ ಕವಲೊಡೆದ ಎರಡು ತೋಳುಗಳ ತುದಿಯಲ್ಲಿ ಒಂದೊಂದೇ ಕಣ್ಣು, ಕಂದು ಸಿಪ್ಪೆಯ ಅಡಿಯಲ್ಲಿ ಸ್ವಲ್ಪ ಉಬ್ಬಿದ ಬಿಳಿಯ ಚುಕ್ಕೆಯಾಗಿ ಇರುತ್ತದೆ. ಆ ತುದಿ ಬಹಳ ಬೇಗ ಮುರಿಯುವಂಥದ್ದು. ಎರಡೂ ತುದಿ ಮುರಿದರೆ ಉಳಿದ ಭಾಗ ಎಷ್ಟೇ ದಪ್ಪವಿದ್ದರೂ ಚಿಗುರುವುದಿಲ್ಲ. ಗೆಡ್ಡೆಗಳನ್ನು ಒಂದೇ ಚೀಲಕ್ಕೆ ತುಂಬಿ ಕಳಿಸಿದರೆ ಒಂದರ ತುದಿ ಇನ್ನೊಂದಕ್ಕೆ ತಾಗಿ ಮುರಿಯದೆ ಇರಲಾರದು. ಪಾರ್ಸೆಲ್ ಅನಿವಾರ್ಯವಾದರೆ, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಸುತ್ತಿ ಒಣ ತೆಂಗಿನ ನಾರಿನ ಪುಡಿಯಲ್ಲಿಟ್ಟು ಕಳಿಸುವಂತೆ ಹಣ ಕೊಡುವ ಮೊದಲೇ ಹೇಳಿ, ತುದಿಯ ಫೋಟೋವನ್ನೂ ತರಿಸಿಕೊಳ್ಳಿ.

ನರ್ಸರಿಯಲ್ಲಿ ಆರಿಸಿ ತಂದ ಗೆಡ್ಡೆಯನ್ನು ಮುಂಗಾರಿಗೆ ಸ್ವಲ್ಪ ಮೊದಲು, ಮರಳು ಬೆರೆಸಿದ ಕೆಮ್ಮಣ್ಣಿನಲ್ಲಿ ನಾಲ್ಕು ಬೆರಳು ಆಳಕ್ಕೆ ಅಡ್ಡಲಾಗಿ ಮಲಗಿಸಿ ನೆಟ್ಟೆ. ಆ ಮಳೆಗಾಲದಲ್ಲೇ ಹೂ ಬಂತು. ಹಸಿರು ಮಿಶ್ರಿತ ಹಳದಿಯಾಗಿ ಅರಳುವ ಅಲೆಯಂಚಿನ ಆರು ಎಸಳುಗಳು ಹಿಂದಕ್ಕೆ ಬಾಗಿ, ದಿನ ಕಳೆದಂತೆ ಕೆಂಪಾಗುವುದನ್ನು ಹತ್ತಿರದಿಂದ ನೋಡುವ ಸಂತೋಷಕ್ಕಾಗಿಯೇ ಇದನ್ನು ಬೆಳೆಸಬಹುದು. ಬಳ್ಳಿ ಎಲೆಯ ತುದಿಯನ್ನೇ ಸುರುಳಿ ಮಾಡಿ ಆಸರೆ ಹಿಡಿಯುವುದರಿಂದ ದಪ್ಪ ಬಿದಿರು ಪ್ರಯೋಜನವಿಲ್ಲ. ತೆಳ್ಳನೆಯ ತಂತಿ ಅಥವಾ ಒಣ ಕಡ್ಡಿ ಬೇಕು.

ಬೀಜ ಅಗ್ಗ, ಕಳಿಸುವಾಗ ಮುರಿಯುವ ಭಯವೂ ಇಲ್ಲ. ಆದರೆ ಮೊಳೆಯಲು ತಿಂಗಳುಗಟ್ಟಲೆ ಹಿಡಿಯಬಹುದು, ಮೊದಲ ವರ್ಷ ನಾಲ್ಕಾರು ಸಣ್ಣ ಎಲೆ ಮತ್ತು ಬಟಾಣಿ ಗಾತ್ರದ ಗೆಡ್ಡೆಯಷ್ಟೇ ಆಗುತ್ತದೆ, ಹೂವಿಗೆ 3-4 ವರ್ಷ ಕಾಯಬೇಕು. ತಮಿಳುನಾಡಿನ ದಿಂಡಿಗಲ್, ಕರೂರು ಕಡೆ ಕಾಲ್ಚಿಸಿನ್ ಎಂಬ ಔಷಧ ವಸ್ತು ತೆಗೆಯುವ ಬೀಜಕ್ಕಾಗಿ ಇದನ್ನು ಹೊಲದಲ್ಲಿ ಬೆಳೆಯುವ ರೈತರೂ ನೆಡುವುದು ಗೆಡ್ಡೆಯನ್ನೇ.

ಗೌಟ್ ಎಂಬ ಕೀಲುನೋವಿನ ರೋಗಕ್ಕೆ ಔಷಧಿಯಾಗುವ ಆ ಕಾಲ್ಚಿಸಿನ್ನೇ ಈ ಗಿಡದ ವಿಷ. ಗಿಡದ ಎಲ್ಲ ಭಾಗದಲ್ಲೂ ಅದಿದ್ದು, ಗೆಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಗೆಣಸೆಂದು ತಿಳಿದು ಗೆಡ್ಡೆ ತಿಂದು ಸತ್ತವರಿದ್ದಾರೆ, ಅದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಗೆಡ್ಡೆಯನ್ನು ಅಡುಗೆಮನೆಯ ಹತ್ತಿರ ಇಡಬಾರದು, ಕೈಗವಸಿಲ್ಲದೆ ಕತ್ತರಿಸಬಾರದು. ಒಡೆದ ಕಾಯಿಯೊಳಗಿನ ಕೆಂಪು ಬೀಜಗಳು ಮಕ್ಕಳನ್ನು ಸೆಳೆಯುವುದರಿಂದ ನಾನು ಕಾಯಿ ಬಲಿಯಲು ಬಿಡದೆ ಹೂ ಬಾಡಿದ ಕೂಡಲೇ ಚಿವುಟುತ್ತೇನೆ.

ನನ್ನ ಆಯ್ಕೆಗೆ ಇನ್ನೊಂದು ಕಾರಣ ನಮ್ಮ ಬೇಸಿಗೆಯ ರೂಢಿ. ರಜೆಯಲ್ಲಿ ಊರಿಗೆ ಹೋಗಿ ವಾರಗಟ್ಟಲೆ ಅಲ್ಲಿಯೇ ಉಳಿಯುವ ನಮಗೆ, ಬಳ್ಳಿ ಒಣಗಿದ ಮೇಲೆ ನೀರನ್ನೇ ಬೇಡದೆ ಮಣ್ಣಿನೊಳಗೆ ಮಲಗಿರುವ ದೊಡ್ಡ ಗೆಡ್ಡೆ ಬಹಳ ಅನುಕೂಲ. ಬೀಜದಿಂದಾದ ಎಳೆಯ ಗೆಡ್ಡೆಗಳಲ್ಲಿ ಹಲವು ಅದೇ ಬೇಸಿಗೆಯಲ್ಲಿ ಸುರುಟಿಹೋದವು. ವಿಶಾಲವಾದ ಹಿತ್ತಲು ಮತ್ತು ತಾಳ್ಮೆ ಇರುವವರು, ಖರ್ಚು ಕಡಿಮೆ ಇರಲಿ ಎನ್ನುವವರು ಬೀಜ ಹಾಕಲಿ. ನಾನಂತೂ ಕಣ್ಣಿರುವ ಒಂದು ಗೆಡ್ಡೆಗೆ ಪಾರ್ಸೆಲ್‌ನವರ ಎರಡರಷ್ಟು ಬೆಲೆಯಾದರೂ ಕೊಟ್ಟು ತರುತ್ತೇನೆ, ಆದರೆ ಕಾಡಿನಿಂದ ಕಿತ್ತು ತಂದದ್ದಾದರೆ ಪುಕ್ಕಟೆ ಕೊಟ್ಟರೂ ಬೇಡ.