ಆರ್ಬಿಟ್ ರೀಡರ್ 20: ಇಪ್ಪತ್ತು ಸೆಲ್ಲಿನಲ್ಲಿ ಕನ್ನಡ ಹಿಡಿಸುವುದು

ಆರ್ಬಿಟ್ ರೀಡರ್ 20 ಅಂದರೆ ಬೆರಳಿನ ಕೆಳಗೆ ಬ್ರೈಲ್ ಚುಕ್ಕಿ ಎಬ್ಬಿಸಿ ಓದಿಸುವ ಪುಟ್ಟ ಯಂತ್ರ. ಅದನ್ನು ಕೊಳ್ಳಬೇಕೋ ಬೇಡವೋ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಬ್ರೈಲ್ ಚೆನ್ನಾಗಿ ಬಲ್ಲವರಾದರೆ ಧೈರ್ಯವಾಗಿ ಕೊಳ್ಳಿ. ಶಾಲೆಯಲ್ಲಿ ಕಲಿತದ್ದು ಮರೆತುಹೋಗಿದೆ, ಈಗ ಎಲ್ಲವೂ ಫೋನ್ ಓದಿ ಹೇಳುತ್ತದೆ ಅನ್ನುವವರು ಮೊದಲು ಕಾಗದದ ಬ್ರೈಲ್ ಹಿಡಿದು ಬೆರಳು ಪಳಗಿಸಿಕೊಳ್ಳಿ. ಆ ಕೆಲಸವನ್ನು ಯಾವ ಯಂತ್ರವೂ ಮಾಡಿಕೊಡುವುದಿಲ್ಲ.

ನಾನು ಅರಸೀಕೆರೆ ಕಡೆಯವನು, ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು, ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಈ ಯಂತ್ರವನ್ನು ತರಗತಿಯಲ್ಲೂ ಮನೆಯಲ್ಲೂ ದಿನಾ ಬಳಸುತ್ತೇನೆ. ಇಂಗ್ಲಿಷಿನಲ್ಲಿ ಇದರ ಬಗ್ಗೆ ಬೇಕಾದಷ್ಟು ವಿಮರ್ಶೆಗಳಿವೆ. ಆದರೆ ಅದರಲ್ಲಿ ಕನ್ನಡ ಓದಿದರೆ ಹೇಗಿರುತ್ತದೆ ಎಂದು ಹೇಳುವವರು ನನಗೆ ಸಿಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಯಂತ್ರ ಇಷ್ಟೇ: ಅಂಗೈಗಿಂತ ಸ್ವಲ್ಪ ದೊಡ್ಡದಾದ, ಅರ್ಧ ಕಿಲೋ ಒಳಗಿನ ಪೆಟ್ಟಿಗೆ. ಕೆಳಗಡೆ ಒಂದು ಸಾಲಿನಲ್ಲಿ 20 ಸೆಲ್, ಅಂದರೆ ಒಂದೊಂದು ಬ್ರೈಲ್ ಚಿಹ್ನೆ ಮೂಡುವ ಮನೆ; ಒಂದೊಂದರಲ್ಲೂ ಏಳುವ ಇಳಿಯುವ 8 ಚುಕ್ಕಿ. ಅದರ ಮೇಲೆ ಪರ್ಕಿನ್ಸ್ ಬ್ರೈಲರ್ ಎಂಬ ಬ್ರೈಲ್ ಟೈಪ್‌ರೈಟರಿನ ಕ್ರಮದಲ್ಲೇ ಬರೆಯುವ ಕೀಲಿಗಳು, ನಡುವೆ ನಾಲ್ಕು ದಿಕ್ಕಿನ ಗುಂಡಿ. ಎಸ್‌ಡಿ ಕಾರ್ಡಿನಲ್ಲಿ ಪುಸ್ತಕ ಹಾಕಿಕೊಂಡರೆ ಕಂಪ್ಯೂಟರ್ ಇಲ್ಲದೆಯೇ ಓದಬಹುದು. ಬ್ಲೂಟೂತ್ ಅಥವಾ ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರಿಗೋ ಫೋನಿಗೋ ಜೋಡಿಸಿದರೆ, ಪರದೆಯ ಮೇಲಿರುವುದು ಬೆರಳಿನ ಕೆಳಗೆ ಬರುತ್ತದೆ.

ಇದು ಅಗ್ಗ ಹೇಗಾಯಿತು ಅನ್ನುವುದಕ್ಕೆ ಹಳೆಯ ಯಂತ್ರಗಳು ಯಾಕೆ ದುಬಾರಿ ಅನ್ನುವುದು ಗೊತ್ತಿರಬೇಕು. ಅವುಗಳಲ್ಲಿ ಒಂದೊಂದು ಚುಕ್ಕಿಗೂ ಒಂದೊಂದು ಪೀಜೋ ಪಟ್ಟಿ ಇರುತ್ತದೆ; ವಿದ್ಯುತ್ ಹರಿದರೆ ಪಟ್ಟಿ ಬಾಗುತ್ತದೆ, ಚುಕ್ಕಿ ಏಳುತ್ತದೆ. 40 ಸೆಲ್ಲಿನ ಯಂತ್ರಕ್ಕೆ ಅಂಥ 320 ಪಟ್ಟಿ ಬೇಕು. ಹಾಗಾಗಿ ಬೆಲೆ ಲಕ್ಷದ ಮಾತಾಗುತ್ತದೆ. ಇಷ್ಟು ದುಡ್ಡು ಯಾರ ಹತ್ತಿರ ಇದೆ ಎಂದು ಬೇರೆ ಬೇರೆ ದೇಶಗಳ ಅಂಧರ ಸಂಸ್ಥೆಗಳು ಟ್ರಾನ್ಸ್‌ಫಾರ್ಮಿಂಗ್ ಬ್ರೈಲ್ ಗ್ರೂಪ್ ಎಂದು ಒಂದು ಗುಂಪು ಕಟ್ಟಿಕೊಂಡು, ಕಡಿಮೆ ದರದ ಬೇರೆ ತಂತ್ರ ಬೇಕೆಂದು ಹುಡುಕಿದವು. ಅದರ ಫಲವಾಗಿ ಅಮೆರಿಕದ ಆರ್ಬಿಟ್ ರಿಸರ್ಚ್ ಕಂಪನಿಯ ಈ ಯಂತ್ರ 2016ರಲ್ಲಿ ಪ್ರಕಟವಾಯಿತು. ಅಲ್ಲಿ ಮಾರಾಟಕ್ಕೆ ಬಂದಾಗ ಬೆಲೆ 449 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 30 ಸಾವಿರ ರೂಪಾಯಿ. ನಮ್ಮಲ್ಲಿ ದೆಹಲಿಯ ಸಕ್ಷಮ್ ಟ್ರಸ್ಟ್ ಮೂಲಕ ಸಿಗುತ್ತದೆ. ಈಗಿನ ದರ ಅವರನ್ನೇ ಕೇಳಿ. ಸಂಬಳ ಬರುವ ನನ್ನಂಥವನಿಗೆ ಇದು ಕೈಗೆಟುಕುವ ಬೆಲೆ. ಹಾಸ್ಟೆಲ್ಲಿನಲ್ಲಿರುವ ಹುಡುಗನಿಗೆ ಖಂಡಿತಾ ಅಲ್ಲ.

ಇನ್ನು ಓದುವ ವಿಷಯ. ಚುಕ್ಕಿ ಮೇಲೆ ಬೆರಳಿಟ್ಟ ಕೂಡಲೇ ಗೊತ್ತಾಗುವುದು ಅದರ ಗಟ್ಟಿತನ. ಎಷ್ಟು ಒತ್ತಿದರೂ ಕುಸಿಯುವುದಿಲ್ಲ. ನಮ್ಮ ಮನೆಯಲ್ಲಿ ತೆಂಗಿನ ತೋಟ ಇದೆ, ಕಾಯಿ ಸುಲಿಯುವ ಕಾಲದಲ್ಲಿ ನನ್ನ ಬೆರಳ ತುದಿ ದಡ್ಡುಗಟ್ಟಿರುತ್ತದೆ. ಆಗ ಹಳೆಯ ಕಾಗದದ ಪುಸ್ತಕಗಳ ಸವೆದ ಚುಕ್ಕಿ ನನಗೆ ತಿಳಿಯುವುದೇ ಇಲ್ಲ, ಇದರದ್ದು ತಿಳಿಯುತ್ತದೆ.

ಸಾಲಿನ ಎರಡು ತುದಿಗೂ ಒಂದೊಂದು ಗುಂಡಿ. ಓದುತ್ತಾ ಓದುತ್ತಾ ಬೆರಳು ಬಲತುದಿಗೆ ಬಂದಾಗ ಅದೇ ಬೆರಳು ಗುಂಡಿ ಒತ್ತುತ್ತದೆ, ಹೊಸ ಸಾಲು ಎಡದಿಂದ ಒಂದೊಂದೇ ಸೆಲ್ಲಾಗಿ ಏಳುತ್ತದೆ. ಪೀಜೋ ಯಂತ್ರದ ಹಾಗೆ ಇಡೀ ಸಾಲು ಒಂದೇ ಏಟಿಗೆ ಬದಲಾಗುವುದಿಲ್ಲ. ಆದರೆ ಎಡಭಾಗ ಮೊದಲು ಸಿದ್ಧವಾಗುವುದರಿಂದ, ಸಾವಕಾಶವಾಗಿ ಓದುವವರಿಗೆ ಕಾಯುವ ಕೆಲಸವಿಲ್ಲ. ಓಡಿಸಿಕೊಂಡು ಓದುವವರಿಗೆ ಮಾತ್ರ ತಾಳ ತಪ್ಪುತ್ತದೆ. ಮತ್ತೆ ಸದ್ದು. ಪ್ರತಿ ಸಾಲಿಗೂ ಕಟಕಟಕಟ. "ಏನ್ರೀ ಅದು, ನಡುರಾತ್ರೀಲಿ ಇಲಿ ಕಡ್ದಂಗೆ!" ಅನ್ನುತ್ತಾಳೆ ನನ್ನ ಹೆಂಡತಿ. ತರಗತಿಯಲ್ಲಿ ಹುಡುಗರಿಗೆ ಮೊದಮೊದಲು ಅದೇ ಆಟವಾಗಿತ್ತು: "ಸಾರ್, ಇನ್ನೊಂದ್ಸಲ ಒತ್ತಿ ಸಾರ್!" ಈಗ ಕಟಕಟ ಅಂದರೆ ಮುಂದಿನ ಸಾಲು ಬರುತ್ತದೆ ಎಂದು ಪೆನ್ನು ಹಿಡಿದು ಕೂರುತ್ತಾರೆ. ಉಕ್ತಲೇಖನಕ್ಕೆ ಒಳ್ಳೆಯದೇ ಆಯಿತು.

ಈಗ ಕನ್ನಡಕ್ಕೆ ಬರೋಣ. ನಿಜವಾದ ತೊಡಕಿರುವುದು ಇಲ್ಲಿ. ನಮ್ಮ ದೇಶದ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಗುಣಿತಾಕ್ಷರಕ್ಕೆ ಎರಡು ಸೆಲ್ ಬೇಕು, ವ್ಯಂಜನಕ್ಕೊಂದು ಸ್ವರಕ್ಕೊಂದು. ಒತ್ತಕ್ಷರ ಬಂದರೆ ಅದಕ್ಕೆ ಮೊದಲು 4ನೇ ಚುಕ್ಕಿಯ ಒಂದು ಸೆಲ್ ಹೆಚ್ಚಿಗೆ. 'ವಿದ್ಯಾರ್ಥಿಗಳಿಗೆ' ಅನ್ನುವ ಒಂದು ಪದ 15 ಸೆಲ್ ನುಂಗುತ್ತದೆ. ಉಳಿದ ಐದರಲ್ಲಿ ಜಾಗ ಬಿಟ್ಟು 'ಪಾಠ' ಅಂತ ಬರೆಯಬಹುದು, ಅಷ್ಟೇ. ನಮ್ಮ ಸುತ್ತೋಲೆಗಳ ಪ್ರೀತಿಯ ಪದ 'ಪ್ರೋತ್ಸಾಹಿಸಬೇಕಾಗುತ್ತದೆ' ಇದೆಯಲ್ಲ, ಅದಕ್ಕೆ 22 ಸೆಲ್. ಇಡೀ ಸಾಲು ತುಂಬಿ 'ದೆ' ಒಂದು ಮುಂದಿನ ಸಾಲಿಗೆ ಬೀಳುತ್ತದೆ. ಇಂಗ್ಲಿಷಿನವರು ಪದಗಳನ್ನು ಮೊಟಕು ಮಾಡಿ ಬರೆಯುವ ಸಂಕ್ಷೇಪ ಬ್ರೈಲ್ ಬಳಸಿ ಇದೇ 20ರಲ್ಲಿ ನಾಲ್ಕೈದು ಪದ ಹಿಡಿಸುತ್ತಾರೆ. ನಾವು ಓದುವ ಕನ್ನಡ ಬ್ರೈಲ್‌ನಲ್ಲಿ ಸಂಕ್ಷೇಪದ ರೂಢಿ ಇಲ್ಲ. ಹಾಗಾಗಿ ಇಂಗ್ಲಿಷ್ ವಿಮರ್ಶೆಯಲ್ಲಿ '20 ಸೆಲ್ ಸಾಕು' ಎಂದು ಓದಿದರೆ, ಕನ್ನಡದ ಲೆಕ್ಕಕ್ಕೆ ಅದನ್ನು ಅರ್ಧ ಮಾಡಿಕೊಳ್ಳಿ. ಕಥೆ, ಪ್ರಬಂಧ ಓದುವಾಗ ಗುಂಡಿ ಒತ್ತಿ ಒತ್ತಿ ಬೇಸರ ಬರುತ್ತದೆ. ವಚನಕ್ಕೆ, ಹಳಗನ್ನಡ ಪದ್ಯಕ್ಕೆ ಮಾತ್ರ ಇದು ಹೇಳಿ ಮಾಡಿಸಿದ್ದು. ಅಲ್ಲಿ ಹೇಗೂ ಒಂದೊಂದು ಪದದ ಮೇಲೆ ನಿಲ್ಲಲೇಬೇಕು. ಲಘು ಗುರು ಹಾಕುವಾಗ ಬೆರಳಲ್ಲೇ ಮಾತ್ರೆ ಎಣಿಸುತ್ತೇನೆ.

ಇಷ್ಟು ಕಿರಿದಾದರೂ ನಾನು ಇದನ್ನು ಬಿಡದಿರುವುದಕ್ಕೆ ಕಾರಣ ಕಾಗುಣಿತ. ಸರ್ಕಾರದಿಂದ ಟಾಕಿಂಗ್ ಲ್ಯಾಪ್‌ಟಾಪ್ ಪಡೆದು ಕಾಲೇಜು ಓದುತ್ತಿರುವ ಹುಡುಗರು ನನಗೆ ಮೆಸೇಜು ಕಳಿಸುತ್ತಾರೆ. ಬಲು ಚುರುಕು ಹುಡುಗರು. ಬರೆಯುವುದು ಮಾತ್ರ 'ಬಾಶೆ', 'ವಿಧ್ಯೆ', 'ಸಂಶ್ಕೃತಿ'. ಅವರ ತಪ್ಪಲ್ಲ. ಲ್ಯಾಪ್‌ಟಾಪಿನ ದನಿಯಲ್ಲಿ ಶಕಾರ ಷಕಾರ ಎರಡೂ ಒಂದೇ ಥರ ಕೇಳುತ್ತವೆ. ಪದವನ್ನು ಅವರು ಕೇಳಿದ್ದಾರೆಯೇ ಹೊರತು ಓದಿಯೇ ಇಲ್ಲ. ಬೆರಳಿಗೆ ಶ ಅಂದರೆ 1, 4, 6ನೇ ಚುಕ್ಕಿ. ಷ ಅಂದರೆ 1, 2, 3, 4, 6. ಎರಡರ ನಡುವೆ ಗೊಂದಲವೇ ಇಲ್ಲ. ಟಾಕಿಂಗ್ ಲ್ಯಾಪ್‌ಟಾಪಿನ ಜೊತೆಗೇ ಇಂಥದ್ದೊಂದನ್ನೂ ಕೊಡಲಿ ಎಂದು ನಾನು ಸಿಕ್ಕಸಿಕ್ಕ ಅಧಿಕಾರಿಗಳಿಗೆಲ್ಲ ಹೇಳುತ್ತಿರುತ್ತೇನೆ. ಕೇಳಿಸಿಕೊಳ್ಳುತ್ತಾರೆ.

ಕಂಪ್ಯೂಟರಿನಲ್ಲಿ ನಾನು ಬಳಸುವುದು ಎನ್‌ವಿಡಿಎ, ಪರದೆಯ ಮೇಲಿರುವುದನ್ನು ಓದಿ ಹೇಳುವ ಉಚಿತ ತಂತ್ರಾಂಶ. ಅದರ ಬ್ರೈಲ್ ಸೆಟ್ಟಿಂಗಿನಲ್ಲಿ ಕನ್ನಡದ ಪಟ್ಟಿ (ಯಾವ ಅಕ್ಷರಕ್ಕೆ ಯಾವ ಚುಕ್ಕಿ ಎಂದು ಹೇಳುವುದು) ಆರಿಸಿಕೊಂಡರೆ ಆಯಿತು, ಯೂನಿಕೋಡ್ ಕನ್ನಡ ನೇರವಾಗಿ ಬೆರಳಿಗೆ ಬರುತ್ತದೆ. ಒಂದು ಹೊತ್ತಿಗೆ ಒಂದೇ ಭಾಷೆಯ ಪಟ್ಟಿ, ಇಂಗ್ಲಿಷ್ ಸಂಕ್ಷೇಪ ಬ್ರೈಲ್ ಬೇಕೆಂದರೆ ಬದಲಾಯಿಸಬೇಕು. ಇದಕ್ಕೊಂದು ಉಪಾಯ ಇದೆ: ವರ್ಡ್‌ಗೆ ಒಂದು ಪ್ರೊಫೈಲ್, ಬ್ರೌಸರಿಗೆ ಇನ್ನೊಂದು ಪ್ರೊಫೈಲ್ ಮಾಡಿಟ್ಟರೆ ಪಟ್ಟಿ ತಾನಾಗಿ ಬದಲಾಗುತ್ತದೆ.

ನನ್ನ ತಲೆ ಕೆಡಿಸುವುದು ಹಳೆಯ ನುಡಿ ಫಾಂಟಿನ ಕಡತಗಳು. ಕಚೇರಿಯಿಂದ ಬರುವ ಎಷ್ಟೋ ಕನ್ನಡ ಕಡತಗಳು ಇನ್ನೂ ಅದರಲ್ಲೇ ಇರುತ್ತವೆ. ಕಣ್ಣಿಗೆ ಕನ್ನಡ, ಒಳಗೆ ಮಾತ್ರ ಇಂಗ್ಲಿಷ್ ಅಕ್ಷರಗಳು: ಕ ಇರಬೇಕಾದ ಕಡೆ ಪಿ, ಡ ಇರಬೇಕಾದ ಕಡೆ ಕ್ಯೂ. ಬ್ರೈಲ್ ಯಂತ್ರ ಒಳಗಿರುವುದನ್ನೇ ಎತ್ತಿ ಕೊಡುತ್ತದೆ, ಅದು ಯಾವ ಭಾಷೆಯೂ ಅಲ್ಲ. ಮೊದಲು ಅದನ್ನು ಯೂನಿಕೋಡ್ ಪರಿವರ್ತಕಕ್ಕೆ ಹಾಕಬೇಕು, ಹಾಕಿದ ಮೇಲೂ ಅಲ್ಲಲ್ಲಿ ಒತ್ತು, ಅರ್ಕಾವತ್ತು ಎಡವಿರುತ್ತವೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಬಂದರೆ ಕಥೆ ಅಲ್ಲಿಗೇ ಮುಗಿಯಿತು. ಇದರಲ್ಲಿ ಯಂತ್ರದ ದೋಷ ಏನೂ ಇಲ್ಲ, ಆದರೆ ಕನ್ನಡದವರು ಕೊಂಡರೆ ಜೊತೆಗೇ ಬರುವ ತಲೆನೋವು ಇದು. ಸುಗಮ್ಯ ಪುಸ್ತಕಾಲಯದಂಥ ಆನ್‌ಲೈನ್ ಗ್ರಂಥಾಲಯ ಇದೆ, ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆಯವರು ಕನ್ನಡ ಬ್ರೈಲ್ ಪುಸ್ತಕಗಳ ಕೆಲಸ ಮಾಡುತ್ತಾರೆ. ಆದರೂ ಬೇಕಾದ ಪುಸ್ತಕದ ಬ್ರೈಲ್ ಕಡತವನ್ನು ಬಹುಪಾಲು ನಾನೇ ತಯಾರಿಸಿಕೊಳ್ಳುತ್ತೇನೆ.

ಬರೆಯಲು ಪರವಾಗಿಲ್ಲ. ಹಾಜರಿ, ಅಂಕ, ಪೋಷಕರ ಫೋನ್ ನಂಬರು ಎಲ್ಲ ಇದರಲ್ಲೇ ಇವೆ. ಕೊರತೆ ಎಂದರೆ ಕರ್ಸರ್ ರೂಟಿಂಗ್ ಗುಂಡಿಗಳಿಲ್ಲ. ದುಬಾರಿ ಯಂತ್ರಗಳಲ್ಲಿ ಪ್ರತಿ ಸೆಲ್ಲಿನ ಮೇಲೂ ಒಂದು ಪುಟ್ಟ ಗುಂಡಿ ಇರುತ್ತದೆ, ತಪ್ಪಾದ ಅಕ್ಷರದ ಮೇಲೆ ಒತ್ತಿದರೆ ಕರ್ಸರ್ ಅಲ್ಲಿಗೇ ಹಾರುತ್ತದೆ. ಇಲ್ಲಿ ಬಾಣದ ಗುಂಡಿ ಒತ್ತುತ್ತಾ ನಡೆದುಕೊಂಡು ಹೋಗಬೇಕು. ಓದುವುದೇ ಮುಖ್ಯವಾದವರಿಗೆ ಇದು ದೊಡ್ಡದಲ್ಲ, ಇಡೀ ದಿನ ತಿದ್ದುವ ಕೆಲಸ ಮಾಡುವವರಿಗೆ ದೊಡ್ಡದೇ. ಫೋನಿಗೆ ಜೋಡಿಸುತ್ತೇನೆ, ಆದರೆ ಅಪರೂಪಕ್ಕೆ. ವಾಟ್ಸಾಪ್ ಕೇಳುವುದೇ ಬೇಗ.

ನಮ್ಮ ದೇಶದಲ್ಲೇ ಹುಟ್ಟಿದ ಯಂತ್ರಗಳೂ ಇವೆ. ಮುಂಬೈನ ಇನ್ನೋವಿಷನ್ ಸಂಸ್ಥೆಯ ಬ್ರೈಲ್‌ಮಿ ಕೂಡ 20 ಸೆಲ್ಲಿನದೇ, ಆರು ಚುಕ್ಕಿಯದು. ಕನ್ನಡ ಬ್ರೈಲ್‌ಗೆ ಆರೇ ಸಾಕು. ದೆಹಲಿ ಐಐಟಿಯ ತಂಡ 2019ರಲ್ಲಿ ಡಾಟ್‌ಬುಕ್ ಹೊರತಂದಿತು, ಅದರಲ್ಲಿ 20 ಸೆಲ್ಲಿನದೂ ಇದೆ, 40ರದೂ ಇದೆ. ಅದು ನನ್ನ ಕೈಗೆ ಸಿಕ್ಕಿಲ್ಲ.

ನೋಡಲು ಹೋಗುವವರಿಗೆ ಒಂದು ಮಾತು. ತೋರಿಸುವವರು ಸಾಮಾನ್ಯವಾಗಿ ಇಂಗ್ಲಿಷ್ ಕಡತ ತೆರೆದು ಕೈಗೆ ಕೊಡುತ್ತಾರೆ, ಸಾಲು ಸರಾಗವಾಗಿ ಓಡುತ್ತದೆ. ಅದಕ್ಕೆ ಮರುಳಾಗಬೇಡಿ. ನೀವು ದಿನಾ ಓದುವ ಕನ್ನಡದ್ದೊಂದು ಬಿಆರ್‌ಎಫ್ (ಬ್ರೈಲ್‌ಗೆ ಇಳಿಸಿದ) ಕಡತವನ್ನು ಎಸ್‌ಡಿ ಕಾರ್ಡಿಗೆ ಹಾಕಿಕೊಂಡು ಹೋಗಿ, ಎರಡು ಪುಟ ಕೂತು ಓದಿ, ಗುಂಡಿ ಒತ್ತುವುದು ಬೇಸರವಾಯಿತೇ ಇಲ್ಲವೇ ನೋಡಿ. ಬೇಸರವಾದರೆ 40 ಸೆಲ್ಲಿನದಕ್ಕೆ ದುಡ್ಡು ಕೂಡಿಡಿ.